ಹಳ್ಳಿಯ ನೀರು, ಮಕ್ಕಳ ಹಲ್ಲು: ಚಿತ್ರದುರ್ಗ ಜಿಲ್ಲೆಯಲ್ಲಿ ಫ್ಲೋರೋಸಿಸ್ ಅಧ್ಯಯನ ನಡೆಸಲು ಸಮಗ್ರ ಮಾರ್ಗದರ್ಶಿ

ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಸೀಮೆಯ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಬಂಡೆ. ಈ ಬಂಡೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಬಯೊಟೈಟ್ ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ನೀರಿಗೆ ಇಳಿಯುತ್ತದೆ. ನೀರು ಕ್ಷಾರೀಯವಾಗಿದ್ದು ಅದರಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಇನ್ನಷ್ಟು ಇಳಿಯುತ್ತದೆ. ಮಳೆ ಕಡಿಮೆ, ಕೆರೆ ಖಾಲಿ, ಕೊಳವೆಬಾವಿ ವರ್ಷವರ್ಷಕ್ಕೂ ಆಳ. ಹೀಗಾಗಿ ಎಷ್ಟೋ ಶಾಲೆಗಳಲ್ಲಿ ಹಲ್ಲಿಗೆ ಕರೆ ಕಟ್ಟಿದ ಮಕ್ಕಳು ಕಾಣಸಿಗುತ್ತಾರೆ. ಹಲ್ಲು ಕಟ್ಟುವ ವಯಸ್ಸಿನಲ್ಲಿ ಹೆಚ್ಚು ಫ್ಲೋರೈಡ್ ದೇಹ ಸೇರಿ ಬರುವ ಈ ತೊಂದರೆಯೇ ದಂತ ಫ್ಲೋರೋಸಿಸ್. ಭಾರತದಲ್ಲಿ ಈ ತೊಂದರೆಯನ್ನು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಅಷ್ಟು ಹಳೆಯ ಸಮಸ್ಯೆಯಾದರೂ ನಮ್ಮ ಊರೂರಿನ ಸರಿಯಾದ ಲೆಕ್ಕ ಇನ್ನೂ ಬೇಕಾಗಿದೆ. ಆ ಲೆಕ್ಕ ತೆಗೆಯಲು ಕೋಟಿ ರೂಪಾಯಿಯ ಪ್ರಯೋಗಾಲಯ ಬೇಡ.

ಈ ಮಾರ್ಗದರ್ಶಿಯನ್ನು ದಾವಣಗೆರೆ, ಚಿತ್ರದುರ್ಗದ ವೈದ್ಯಕೀಯ ಹಾಗೂ ದಂತ ವೈದ್ಯಕೀಯ ವಿದ್ಯಾರ್ಥಿಗಳು, ಜೀವವಿಜ್ಞಾನದ ಅಧ್ಯಾಪಕರು ಮತ್ತು ಸಣ್ಣ ಅನುದಾನದಲ್ಲಿ ಕೆಲಸ ಮಾಡುವ ತಂಡಗಳಿಗಾಗಿ ಬರೆದಿದ್ದೇವೆ. ಕೈಯಲ್ಲಿರಬೇಕಾದ್ದು ಫ್ಲೋರೈಡ್ ಎಲೆಕ್ಟ್ರೋಡ್ ಇರುವ ಒಂದು ಲ್ಯಾಬ್, ಒಂದು ಜೀಪು ಅಥವಾ ಎರಡು ಬೈಕು, ಮೂರು ಜನರ ತಂಡ. ಅದಕ್ಕಿಂತ ಹೆಚ್ಚಾಗಿ ಬೇಕಾದ್ದು ತಾಯಂದಿರ ಮಾತು ಕೇಳುವ ತಾಳ್ಮೆ.

ಮೊದಲು ಪ್ರಶ್ನೆ ಸರಿಯಾಗಲಿ

‘ಚಿತ್ರದುರ್ಗದಲ್ಲಿ ಫ್ಲೋರೋಸಿಸ್ ಎಷ್ಟಿದೆ’ ಎಂಬುದು ಪ್ರಶ್ನೆಯಂತೆ ಕಂಡರೂ ಕೆಲಸಕ್ಕೆ ಬಾರದು. ಯಾವ ವಯಸ್ಸಿನವರಲ್ಲಿ, ಯಾವ ತಾಲ್ಲೂಕಿನಲ್ಲಿ, ಯಾವ ಅಳತೆಗೋಲಿನಲ್ಲಿ ಎಂಬ ಮೂರೂ ಪ್ರಶ್ನೆಯೊಳಗೇ ಇರಬೇಕು. ಉದಾಹರಣೆಗೆ: ‘ಚಳ್ಳಕೆರೆ ತಾಲ್ಲೂಕಿನ ಗ್ರಾಮೀಣ ಶಾಲೆಗಳ 12 ವರ್ಷದ ಮಕ್ಕಳಲ್ಲಿ ಡೀನ್ ಸೂಚ್ಯಂಕದ ಪ್ರಕಾರ ದಂತ ಫ್ಲೋರೋಸಿಸ್ ಇರುವವರು ಶೇಕಡಾ ಎಷ್ಟು, ಮತ್ತು ಅವರು ಎಳೆವಯಸ್ಸಿನಲ್ಲಿ ಕುಡಿದ ನೀರಿನ ಫ್ಲೋರೈಡ್‌ಗೂ ಅದಕ್ಕೂ ಸಂಬಂಧವೇನು?’ ಡೀನ್ ಸೂಚ್ಯಂಕ ಎಂದರೆ ಹಲ್ಲಿನ ಫ್ಲೋರೋಸಿಸ್ ಎಷ್ಟು ತೀವ್ರ ಎಂಬುದಕ್ಕೆ ಅಂಕ ಕೊಡುವ ಅಳತೆಗೋಲು.

12 ವರ್ಷವನ್ನೇ ಆರಿಸಲು ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆ ಬಾಯಿ ಆರೋಗ್ಯದ ಸಮೀಕ್ಷೆಗಳಿಗೆ ಗೊತ್ತುಮಾಡಿರುವ ವಯಸ್ಸುಗಳಲ್ಲಿ ಇದೂ ಒಂದು. ಮೂರನೇ ದವಡೆ ಹಲ್ಲೊಂದನ್ನು ಬಿಟ್ಟು ಶಾಶ್ವತ ಹಲ್ಲುಗಳು ಬಹುತೇಕ ಬಂದಿರುತ್ತವೆ, ಮಕ್ಕಳು ಇನ್ನೂ ಊರಿನ ಶಾಲೆಯಲ್ಲೇ ಇರುತ್ತಾರೆ. ಹೈಸ್ಕೂಲಿಗೆ ಹಾಸ್ಟೆಲ್ ಸೇರಿದ ಮೇಲೆ ಅವರನ್ನು ಹುಡುಕುವುದು ಕಷ್ಟ.

ಪ್ರಶ್ನೆಯ ಕೊನೆಯ ಭಾಗ, ಅಂದರೆ ‘ಎಳೆವಯಸ್ಸಿನಲ್ಲಿ ಕುಡಿದ ನೀರು’, ಈ ಇಡೀ ಅಧ್ಯಯನದ ಜೀವ. ಬಹಳ ವರದಿಗಳು ಇಲ್ಲೇ ಜಾರುತ್ತವೆ, ಆದ್ದರಿಂದ ಮುಂದೆ ಇದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಎಷ್ಟು ಮಕ್ಕಳು, ಎಷ್ಟು ಶಾಲೆ

ಸ್ಯಾಂಪಲ್ ಗಾತ್ರದ ಸಾಮಾನ್ಯ ಸೂತ್ರ ಎಲ್ಲರಿಗೂ ಗೊತ್ತು: 1.96ರ ವರ್ಗವನ್ನು ನಿರೀಕ್ಷಿತ ಪ್ರಮಾಣದಿಂದ ಗುಣಿಸಿ, ಅದನ್ನು ‘1ರಲ್ಲಿ ಆ ಪ್ರಮಾಣ ಕಳೆದದ್ದರಿಂದ’ ಗುಣಿಸಿ, ಬಂದದ್ದನ್ನು ಒಪ್ಪಬಹುದಾದ ತಪ್ಪಿನ ವರ್ಗದಿಂದ ಭಾಗಿಸುವುದು. ಶೇ 30ರಷ್ಟು ಮಕ್ಕಳಲ್ಲಿ ಫ್ಲೋರೋಸಿಸ್ ಇದೆಯೆಂದುಕೊಂಡು, ಶೇ 5ರಷ್ಟು ಆಚೀಚೆ ಆಗಬಹುದೆಂದರೆ 3.84 × 0.3 × 0.7 ÷ 0.0025, ಅಂದರೆ 323 ಮಕ್ಕಳು.

ಇಷ್ಟಕ್ಕೇ ನಿಂತರೆ ತಪ್ಪು. ಮಕ್ಕಳನ್ನು ಜಿಲ್ಲೆಯ ತುಂಬ ಒಬ್ಬೊಬ್ಬರಾಗಿ ಆರಿಸುತ್ತಿಲ್ಲ, ಶಾಲೆಶಾಲೆಯಾಗಿ ಆರಿಸುತ್ತಿದ್ದೇವೆ. ಒಂದು ಊರಿನ ಮಕ್ಕಳೆಲ್ಲ ಒಂದೇ ಟ್ಯಾಂಕಿನ ನೀರು ಕುಡಿದು ಬೆಳೆದವರಾದ್ದರಿಂದ ಅವರ ಹಲ್ಲುಗಳೂ ಒಂದನ್ನೊಂದು ಹೋಲುತ್ತವೆ. ಹತ್ತನೆಯ ಮಗುವನ್ನು ನೋಡಿದ ಮೇಲೆ ಹನ್ನೊಂದನೆಯ ಮಗು ಹೊಸದಾಗಿ ತಿಳಿಸುವುದು ಸ್ವಲ್ಪವೇ. ಇದನ್ನು ಸರಿದೂಗಿಸಲು ವಿನ್ಯಾಸ ಪರಿಣಾಮ ಎಂಬ ಗುಣಕ ಬಳಸುತ್ತಾರೆ: 1 + (ಪ್ರತಿ ಶಾಲೆಯ ಮಕ್ಕಳು − 1) × ಗುಂಪಿನೊಳಗಿನ ಸಹಸಂಬಂಧ (ಒಂದೇ ಶಾಲೆಯ ಮಕ್ಕಳು ಒಬ್ಬರನ್ನೊಬ್ಬರು ಎಷ್ಟು ಹೋಲುತ್ತಾರೆ ಎಂಬ ಅಳತೆ). ಬೇರೆ ಕಾಯಿಲೆಗಳ ಸಮೀಕ್ಷೆಯನ್ನು ನೋಡಿಕೊಂಡು ಇದನ್ನು 1.5 ಅಥವಾ 2 ಎಂದು ಇಟ್ಟುಬಿಡುವ ರೂಢಿಯಿದೆ. ನೀರಿನಿಂದ ಬರುವ ತೊಂದರೆಗೆ ಅದು ಸಾಲದು.

ಸಹಸಂಬಂಧ 0.1 ಎಂದಿಟ್ಟುಕೊಂಡು ಎರಡು ರೀತಿ ಲೆಕ್ಕ ಹಾಕಿ ನೋಡಿ. ಶಾಲೆಗೆ 30 ಮಕ್ಕಳಾದರೆ ಗುಣಕ 3.9, ಮಕ್ಕಳು 1,260. ಶೇ 10ರಷ್ಟು ಮಂದಿ ಸಿಗುವುದಿಲ್ಲವೆಂದರೆ 1,400 ಮಕ್ಕಳು, 47 ಶಾಲೆ. ಶಾಲೆಗೆ 15 ಮಕ್ಕಳಾದರೆ ಗುಣಕ 2.4, ಮಕ್ಕಳು 776. ಸಿಗದವರನ್ನು ಸೇರಿಸಿದರೆ 863, ಅಂದರೆ 58 ಶಾಲೆ, 870 ಮಕ್ಕಳು. ಹನ್ನೊಂದು ಶಾಲೆ ಹೆಚ್ಚು ಸುತ್ತಿದರೆ ಐನೂರಕ್ಕೂ ಹೆಚ್ಚು ಮಕ್ಕಳ ತಪಾಸಣೆ ಉಳಿಯುತ್ತದೆ, ನೀರಿನ ವೈವಿಧ್ಯವೂ ಹೆಚ್ಚು ಸಿಗುತ್ತದೆ. ಡೀಸೆಲ್ ಖರ್ಚು ನೋಡಿ ಹಿಂಜರಿಯಬೇಡಿ, ಶಾಲೆಗಳ ಸಂಖ್ಯೆಯನ್ನೇ ಹೆಚ್ಚಿಸಿ.

ಶಾಲೆಗಳನ್ನು ಆರಿಸುವಾಗ ‘ರಸ್ತೆ ಪಕ್ಕದ್ದು, ಹೆಡ್‌ಮಾಸ್ಟರು ಪರಿಚಯದವರು’ ಎಂಬ ಲೆಕ್ಕ ಬೇಡ. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಿಂದ ತಾಲ್ಲೂಕಿನ ಎಲ್ಲ ಹಿರಿಯ ಪ್ರಾಥಮಿಕ ಶಾಲೆಗಳ ಪಟ್ಟಿ ಮತ್ತು 6, 7ನೇ ತರಗತಿಯ ಹಾಜರಾತಿ ಸಂಖ್ಯೆ ಪಡೆಯಿರಿ. ಅನುದಾನಿತ ಮತ್ತು ಖಾಸಗಿ ಶಾಲೆಗಳೂ ಸೇರಲಿ. ಮಕ್ಕಳ ಸಂಖ್ಯೆಯನ್ನು ಒಂದರ ಕೆಳಗೊಂದು ಕೂಡಿಸುತ್ತಾ ಹೋಗಿ. ಒಟ್ಟು 4,350 ಮಕ್ಕಳಿದ್ದು 58 ಶಾಲೆ ಬೇಕಿದ್ದರೆ ಅಂತರ 75. 1ರಿಂದ 75ರೊಳಗೆ ಒಂದು ಸಂಖ್ಯೆಯನ್ನು ಚೀಟಿ ಎತ್ತಿ ಆರಿಸಿ. 41 ಬಂತೆನ್ನಿ, 41, 116, 191 ಹೀಗೆ ಕೂಡುತ್ತಾ ಹೋದಾಗ ಆ ಸಂಖ್ಯೆ ಯಾವ ಶಾಲೆಯ ಪಾಲಿಗೆ ಬೀಳುತ್ತದೋ ಆ ಶಾಲೆ ನಿಮ್ಮದು. ದೊಡ್ಡ ಶಾಲೆಗೆ ಹೆಚ್ಚು ಅವಕಾಶ, ಪ್ರತಿ ಶಾಲೆಯಿಂದಲೂ ಸಮ ಸಂಖ್ಯೆಯ ಮಕ್ಕಳು. ಎರಡೂ ಸೇರಿ ಲೆಕ್ಕ ಸರಿಹೋಗುತ್ತದೆ. ಆ ವಯಸ್ಸಿನ 15 ಮಕ್ಕಳಿಲ್ಲದ ಸಣ್ಣ ಶಾಲೆಗಳನ್ನು ಪಕ್ಕದ ಶಾಲೆಯ ಜೊತೆ ಒಂದು ಘಟಕವಾಗಿ ಮೊದಲೇ ಸೇರಿಸಿಕೊಳ್ಳಿ, ಆರಿಸಿದ ಮೇಲಲ್ಲ.

ಗೊಲ್ಲರಹಟ್ಟಿ, ಲಂಬಾಣಿ ತಾಂಡಾಗಳ ಮಕ್ಕಳು ದೊಡ್ಡ ಊರಿನ ಶಾಲೆಗೆ ಬರುತ್ತಿದ್ದರೂ ಅವರ ನೀರು ಬೇರೆ. ಹಟ್ಟಿಗೆ ತನ್ನದೇ ಕೊಳವೆಬಾವಿ, ತನ್ನದೇ ಸಿಸ್ಟನ್. ಶಾಲೆಯ ಹೆಸರಿನ ಜೊತೆಗೆ ಮಗುವಿನ ವಾಸದ ಜಾಗವನ್ನು ಹಟ್ಟಿಯ ಮಟ್ಟದವರೆಗೆ ಬರೆದುಕೊಳ್ಳಿ.

ಅನುಮತಿ, ಒಪ್ಪಿಗೆ

ಮೊದಲ ಹೆಜ್ಜೆ ನಿಮ್ಮ ಸಂಸ್ಥೆಯ ಎಥಿಕ್ಸ್ ಕಮಿಟಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ರಾಷ್ಟ್ರೀಯ ಮಾರ್ಗಸೂಚಿಯನ್ನು ಓದಿಯೇ ಅರ್ಜಿ ಬರೆಯಿರಿ. ಕಮಿಟಿ ನೋಂದಣಿಯಾಗಿದೆಯೇ ಎಂದು ನೋಡಿಕೊಳ್ಳಿ; ನೋಂದಣಿಯಿಲ್ಲದ ಕಮಿಟಿಯ ಪತ್ರವನ್ನು ಮುಂದೆ ನಿಯತಕಾಲಿಕಗಳು ಒಪ್ಪದೆ ಹೋಗಬಹುದು. ವಿದೇಶಿ ಹಣ ಅಥವಾ ವಿದೇಶಿ ಸಂಸ್ಥೆಯ ಸಹಭಾಗಿತ್ವವಿದ್ದರೆ ಐಸಿಎಂಆರ್ ಮೂಲಕ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆಯೂ ಬೇಕು. ಅದಕ್ಕೆ ತಿಂಗಳುಗಳೇ ಹಿಡಿಯಬಹುದು, ವೇಳಾಪಟ್ಟಿಯಲ್ಲಿ ಜಾಗ ಬಿಡಿ.

ನಂತರ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಪತ್ರ, ಅದರ ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಲ್ಲಿಂದ ಮುಖ್ಯಶಿಕ್ಷಕರಿಗೆ. ಜಿಲ್ಲಾ ಆರೋಗ್ಯಾಧಿಕಾರಿಗೂ ಒಂದು ಪ್ರತಿ ಕೊಡಿ. ರಾಷ್ಟ್ರೀಯ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮದ ಕೆಲಸ ಅವರ ಕಚೇರಿಯಡಿಯೇ ಬರುವುದರಿಂದ ಹಳೆಯ ದಾಖಲೆ ಸಿಗುವ ದಾರಿಯೂ ಅದೇ. ಏಪ್ರಿಲ್–ಮೇ ಬೇಸಿಗೆ ರಜೆ, ಅಕ್ಟೋಬರಿನ ದಸರಾ ರಜೆ, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯ ವಾರ, ಪರೀಕ್ಷೆಯ ದಿನಗಳು, ಇವನ್ನು ಬಿಟ್ಟು ದಿನ ಗೊತ್ತುಮಾಡಿ. ಶೇಂಗಾ ಕೀಳುವ ಕಾಲದಲ್ಲಿ ಮಕ್ಕಳ ಹಾಜರಾತಿಯೂ ಇಳಿಯುತ್ತದೆ, ತಾಯಂದಿರೂ ಮನೆಯಲ್ಲಿ ಸಿಗುವುದಿಲ್ಲ.

ಹೆತ್ತವರ ಲಿಖಿತ ಒಪ್ಪಿಗೆ ಕಡ್ಡಾಯ. ಜೊತೆಗೆ ಮಗುವಿನ ಸಮ್ಮತಿಯೂ ಬೇಕು. 12 ವರ್ಷದ ಮಗುವಿಗೆ ಸರಳ ಭಾಷೆಯ ಪುಟ್ಟ ಪತ್ರ ಕೊಟ್ಟು ಅದರ ಸಹಿ ಪಡೆಯಿರಿ. ಹೆಡ್‌ಮಾಸ್ಟರ ಒಂದು ಸಹಿ ಇಡೀ ತರಗತಿಯ ಒಪ್ಪಿಗೆ ಆಗುವುದಿಲ್ಲ. ಓದು ಬಾರದವರಿದ್ದರೆ ತಂಡಕ್ಕೆ ಸೇರದ ಸಾಕ್ಷಿಯೊಬ್ಬರ ಮುಂದೆ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿ. ಮೊಳಕಾಲ್ಮೂರು ಕಡೆ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಕನ್ನಡದ ಪತ್ರವನ್ನು ಆ ಭಾಷೆಗಳಿಗೆ ಒಬ್ಬರಿಂದ ಮಾಡಿಸಿ, ಇನ್ನೊಬ್ಬರಿಂದ ಮರಳಿ ಕನ್ನಡಕ್ಕೆ ಹೇಳಿಸಿ, ಅರ್ಥ ಉಳಿದಿದೆಯೇ ನೋಡಿ.

ಕಾಗದದ ಭಾಷೆ ಹೇಗೇ ಇರಲಿ, ಬಾಯಲ್ಲಿ ಹೇಳುವುದು ಹೀಗಿರಲಿ: ‘ಅಕ್ಕಾ, ನಾವು ಕಾಲೇಜಿನಿಂದ ಬಂದಿದೀವಿ. ನಿಮ್ಮ ಮಗನ ಹಲ್ಲು ನೋಡ್ತೀವಿ, ನಿಮ್ಮೂರ ನೀರು ಒಂದು ಬಾಟ್ಲಿ ತಗೊಂಡು ಹೋಗ್ತೀವಿ. ಸೂಜಿ ಇಲ್ಲ, ಔಷಧಿ ಇಲ್ಲ, ಹಲ್ಲು ಕೀಳಲ್ಲ. ಬೇಡ ಅಂದ್ರೂ ಸ್ಕೂಲಲ್ಲಿ, ಆಸ್ಪತ್ರೆಯಲ್ಲಿ ಏನೂ ತೊಂದ್ರೆ ಆಗಲ್ಲ. ನಡುವೆ ಸಾಕು ಅಂದ್ರೂ ಸರಿ. ಏನು ಗೊತ್ತಾಯ್ತು ಅಂತ ವಾಪಸ್ ಬಂದು ಹೇಳ್ತೀವಿ.’ ಹಲ್ಲಿನ ಕರೆ ಹೋಗಿಸುತ್ತೇವೆ ಎಂಬ ಭಾವನೆ ಬರುವ ಮಾತು ಆಡಬಾರದು. ಕೊನೆಯ ವಾಕ್ಯ ಹೇಳಿದ ಮೇಲೆ ನಡೆಸಿಕೊಡಬೇಕು. ಅದಕ್ಕೆ ಬೇಕಾದ ಹಣ ಬಜೆಟ್ಟಿನಲ್ಲಿ ಮೊದಲೇ ಇರಲಿ.

ಹಲ್ಲು ಮೂಡುತ್ತಿದ್ದಾಗ ಕುಡಿದ ನೀರು ಯಾವುದು

ಶಾಶ್ವತ ಬಾಚಿಹಲ್ಲಿನ ಎನಾಮೆಲ್ (ಹಲ್ಲಿನ ಗಟ್ಟಿ ಹೊರಪದರ) ಕಟ್ಟುವುದು ಹಲ್ಲು ಕಾಣಿಸಿಕೊಳ್ಳುವುದಕ್ಕೆ ವರ್ಷಗಳ ಮುಂಚೆ, ದವಡೆಯೊಳಗೆ. ಮೇಲಿನ ನಡು ಬಾಚಿಹಲ್ಲುಗಳಿಗೆ ಅತಿ ಸೂಕ್ಷ್ಮ ಕಾಲ ಸುಮಾರು ಒಂದೂಕಾಲು ವರ್ಷದಿಂದ ಎರಡೂವರೆ ವರ್ಷ. ಹಿಂದಿನ ಹಲ್ಲುಗಳದ್ದು ಇನ್ನೂ ತಡವಾಗಿ, ಏಳೆಂಟು ವರ್ಷದವರೆಗೆ ನಡೆಯುತ್ತದೆ. ಎನಾಮೆಲ್ ಒಮ್ಮೆ ಗಟ್ಟಿಯಾದ ಮೇಲೆ ಎಷ್ಟೇ ಫ್ಲೋರೈಡ್ ಕುಡಿದರೂ ಆ ಹಲ್ಲಿಗೆ ಫ್ಲೋರೋಸಿಸ್ ಬರುವುದಿಲ್ಲ. ಎಷ್ಟೇ ಶುದ್ಧ ನೀರು ಕುಡಿದರೂ ಬಂದದ್ದು ಹೋಗುವುದೂ ಇಲ್ಲ.

ಹಾಗಾದರೆ 12 ವರ್ಷದ ಮಗುವಿನ ಹಲ್ಲು ಹೇಳುತ್ತಿರುವುದು ಹತ್ತು ವರ್ಷದ ಹಿಂದಿನ ನೀರಿನ ಕತೆ. ಇವತ್ತು ಬೆಳಿಗ್ಗೆ ನೀವು ಬಾಟಲಿಯಲ್ಲಿ ತುಂಬಿದ್ದು ಇವತ್ತಿನ ನೀರು. ಇವೆರಡನ್ನೂ ನೇರವಾಗಿ ಒಂದೇ ಕೋಷ್ಟಕದಲ್ಲಿ ಇಟ್ಟರೆ ವಿಚಿತ್ರ ಫಲಿತಾಂಶ ಬರುತ್ತದೆ: 0.3 ಮಿ.ಗ್ರಾಂ ಫ್ಲೋರೈಡ್ ಇರುವ ಊರಿನಲ್ಲಿ ತೀವ್ರ ಫ್ಲೋರೋಸಿಸ್, 3 ಮಿ.ಗ್ರಾಂ ಇರುವ ಊರಿನಲ್ಲಿ ಸ್ವಚ್ಛ ಹಲ್ಲು. ಮೊದಲನೆಯ ಊರಿಗೆ ಈಚೆಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆ. ಎರಡನೆಯ ಊರಿನ ಹಳೇ ಬೋರು ಬತ್ತಿ ಆಳದ ಹೊಸ ಬೋರು ಕೊರೆಸಿದ್ದಾರೆ. ಸಂಶೋಧಕರು ಇದನ್ನು ಕೇಳಲಿಲ್ಲ, ಅಷ್ಟೆ.

ಆದ್ದರಿಂದ ಎರಡು ಇತಿಹಾಸ ಬರೆದುಕೊಳ್ಳಬೇಕು: ಮಗುವಿನದು, ಊರಿನ ನೀರಿನದು.

ಮಗುವಿನದ್ದನ್ನು ತಾಯಿ ಅಥವಾ ಅಜ್ಜಿಯನ್ನೇ ಕೇಳಿ. ಮಗುವನ್ನೋ ಮೇಷ್ಟರನ್ನೋ ಕೇಳಿದರೆ ಸಿಗುವುದಿಲ್ಲ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಆರರ ಮೇಲೆ ಹೋಗಿ, ಕೂಲಿಗೆ ಹೋಗುವವರು ಆಗಲೇ ಸಿಗುವುದು. ‘ಮಗು ಹುಟ್ಟಿದಾಗಿನಿಂದ ಇಲ್ಲೇ ಇದೆಯಾ’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಬಿಡಿಸಿ ಕೇಳಿ. ಬಾಣಂತನ ತವರಲ್ಲೋ, ಇಲ್ಲೋ? ತವರಾದರೆ ಯಾವ ಊರು, ಎಷ್ಟು ತಿಂಗಳಿಗೆ ವಾಪಸ್ ಬಂದಿರಿ? ಮೊದಲ ಐದಾರು ತಿಂಗಳ ತವರುವಾಸದಿಂದ ಲೆಕ್ಕ ಅಷ್ಟಾಗಿ ಕೆಡುವುದಿಲ್ಲ. ಎದೆಹಾಲಿನಲ್ಲಿ ಫ್ಲೋರೈಡ್ ಬಹಳ ಕಡಿಮೆ, ತಾಯಿ ಯಾವ ನೀರು ಕುಡಿದರೂ. ನಿಜವಾದ ಪ್ರಶ್ನೆ ಮುಂದಿನದು: ಈ ಮಗುವಿನ ನಂತರ ಹುಟ್ಟಿದ ಮಗುವಿನ ಬಾಣಂತನಕ್ಕೆ ಹೋದಾಗ ಇದನ್ನೂ ಕರೆದುಕೊಂಡು ಹೋಗಿದ್ದಿರಾ? ಸಾಮಾನ್ಯವಾಗಿ ಕರೆದುಕೊಂಡೇ ಹೋಗಿರುತ್ತಾರೆ. ಮಗುವಿಗೆ ಆಗ ಎರಡು ವರ್ಷ, ಬಾಚಿಹಲ್ಲಿನ ಎನಾಮೆಲ್ ಕಟ್ಟುವ ನಡುಕಾಲ. ಆರು ತಿಂಗಳು ಬೇರೆ ತಾಲ್ಲೂಕಿನ ನೀರು ಕುಡಿದಿರುತ್ತದೆ. ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ, ಮಲೆನಾಡಿಗೆ ಕಾಫಿ ಕೊಯ್ಲಿಗೆ ಗುಳೆ ಹೋದದ್ದನ್ನೂ ಕೇಳಿ.

ಮೇಲೂಟ ಶುರುವಾದದ್ದು ಯಾವಾಗ, ರಾಗಿ ಸರಿ ಕಾಯಿಸಲು ಯಾವ ನೀರು, ಅನ್ನ, ಮುದ್ದೆ, ಸಾರಿಗೆ ಯಾವ ನೀರು ಎಂಬುದು ಬೇರೆ ಬೇರೆ ಪ್ರಶ್ನೆಗಳಾಗಲಿ. ಘಟಕಕ್ಕೆ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬರುವ ಮನೆಯಲ್ಲೂ ಮುದ್ದೆಯ ಎಸರಿಗೆ ನಲ್ಲಿ ನೀರನ್ನೇ ಇಡುವುದುಂಟು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಾಢವಾಗುತ್ತದೆ. ‘ಫಿಲ್ಟರ್ ನೀರು ಕುಡೀತೀವಿ’ ಎಂಬ ಒಂದೇ ಉತ್ತರವನ್ನು ನಂಬಿದರೆ ಆ ಮಗು ದಿನಕ್ಕೆ ಸೇವಿಸುವ ಫ್ಲೋರೈಡಿನ ದೊಡ್ಡ ಪಾಲು ಲೆಕ್ಕದಿಂದ ತಪ್ಪಿಹೋಗುತ್ತದೆ.

ಇಸವಿ ನೆನಪಿಲ್ಲದವರಿಗೆ ಗುರುತುಗಳನ್ನು ಕೊಡಿ. 2013ರ ವಿಧಾನಸಭೆ ಚುನಾವಣೆ, 2016ರ ನವೆಂಬರಿನಲ್ಲಿ ನೋಟು ರದ್ದಾದದ್ದು, 2020ರ ಲಾಕ್‌ಡೌನ್, 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದದ್ದು. ಇವನ್ನು ಒಂದು ಹಾಳೆಯಲ್ಲಿ ಬರೆದು ಊರಿನದೇ ಗುರುತುಗಳನ್ನೂ ಸೇರಿಸಿ: ದೇವಸ್ಥಾನದ ಪ್ರತಿಷ್ಠಾಪನೆ, ಕೆರೆ ತುಂಬಿದ ವರ್ಷ. ಮಗುವಿನ ಹುಟ್ಟಿದ ದಿನಾಂಕವನ್ನು ಶಾಲೆಯ ದಾಖಲೆಯೊಂದರಿಂದಲೇ ಒಪ್ಪಬೇಡಿ, ತಾಯಿ ಕಾರ್ಡ್ ಅಥವಾ ಜನನ ಪ್ರಮಾಣಪತ್ರದ ಜೊತೆ ತಾಳೆ ನೋಡಿ.

ಊರಿನ ನೀರಿನ ಇತಿಹಾಸ ಬಲ್ಲವರು ನೀರುಗಂಟಿ. ಯಾವ ಬೋರು ಯಾವ ವರ್ಷ ಕೊರೆಸಿದ್ದು, ಎಷ್ಟು ಅಡಿ, ಯಾವಾಗ ಬತ್ತಿತು, ಯಾವ ಓಣಿಗೆ ಯಾವ ಟ್ಯಾಂಕು, ಘಟಕ ಎಂದು ಶುರುವಾಯಿತು, ಎಷ್ಟು ತಿಂಗಳು ಕೆಟ್ಟು ನಿಂತಿತ್ತು ಎಂಬುದೆಲ್ಲ ಅವರ ತಲೆಯಲ್ಲಿರುತ್ತದೆ. ಅವರ ಜೊತೆ ಊರು ಸುತ್ತಿ ನಕ್ಷೆ ಬರೆಯಿರಿ, ಆಮೇಲೆ ಪಂಚಾಯಿತಿಯಲ್ಲಿ ಪಿಡಿಒ ಅವರ ಕಡತ ನೋಡಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಲ್ಯಾಬಿನ ಹಳೆಯ ಪರೀಕ್ಷಾ ವರದಿಗಳು ಸಿಕ್ಕರೆ ಅವೇ ಬಂಗಾರ. ವರದಿ ಸಿಗದೆ ಹಳೇ ಬೋರು ಇನ್ನೂ ದನಕರುಗಳಿಗೋ ತೋಟಕ್ಕೋ ಓಡುತ್ತಿದ್ದರೆ ಅದರ ನೀರನ್ನೂ ಪರೀಕ್ಷಿಸಿ. ಇದು ಹತ್ತು ವರ್ಷದ ಹಿಂದಿನ ಅಂಕಿಯೇ ಆಗಲಾರದು, ನೀರಿನ ಮಟ್ಟ ಇಳಿದಂತೆ ಫ್ಲೋರೈಡ್ ಬದಲಾಗಿರುತ್ತದೆ. ಆದರೂ ಇವತ್ತಿನ ಆರ್‌ಒ ನೀರಿಗಿಂತ ಸತ್ಯಕ್ಕೆ ಎಷ್ಟೋ ಹತ್ತಿರ.

ಕೊನೆಗೆ ಪ್ರತಿ ಮಗುವಿಗೂ 1ರಿಂದ 3 ವರ್ಷದ ನಡುವೆ ಕುಡಿದ ಮುಖ್ಯ ನೀರು, ಅದರ ಫ್ಲೋರೈಡ್, ಆ ಮಾಹಿತಿಯ ನಂಬಿಕೆಯ ಮಟ್ಟ (ಹಳೇ ವರದಿ, ಹಳೇ ಬೋರಿನ ಇಂದಿನ ಪರೀಕ್ಷೆ, ಬರೀ ನೆನಪು) ಎಂದು ಮೂರು ಕಾಲಂ ಇರಲಿ. ಪ್ರಶ್ನಾವಳಿಯನ್ನು ಅಧ್ಯಯನಕ್ಕೆ ಸೇರದ ಒಂದು ಊರಿನಲ್ಲಿ ಮೊದಲು ಕೇಳಿ ನೋಡಿ. ತಾಯಂದಿರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಪ್ರಶ್ನೆ ತಿದ್ದಬೇಕು.

ನೀರು ಹಿಡಿಯುವುದು, ಅಳೆಯುವುದು

250 ಮಿ.ಲೀ. ಪಾಲಿಥೀನ್ ಬಾಟಲಿ ಬಳಸಿ, ಗಾಜು ಬೇಡ. ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುತ್ತದೆ. ಬೋರನ್ನು ಐದು ನಿಮಿಷ ಓಡಿಸಿ, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಕತ್ತಿನವರೆಗೆ ತುಂಬಿಸಿ ಮುಚ್ಚಿ. ಸಂಖ್ಯೆಯನ್ನು ಒದ್ದೆಯಾದರೂ ಅಳಿಸದ ಮಾರ್ಕರಿನಲ್ಲಿ ಬಾಟಲಿಯ ಮೈಮೇಲೆ ಬರೆಯಿರಿ, ಮುಚ್ಚಳದ ಮೇಲಲ್ಲ, ಮುಚ್ಚಳ ಅದಲುಬದಲಾಗುತ್ತದೆ. ಫ್ಲೋರೈಡ್ ಪರೀಕ್ಷೆಗೆ ರಾಸಾಯನಿಕ ಸೇರಿಸುವ ಅಗತ್ಯವಿಲ್ಲ, 28 ದಿನದೊಳಗೆ ಅಳೆದರೆ ಸಾಕು. ಮಳೆಗೆ ಮುಂಚೆ ಒಂದು ಸಲ, ಮಳೆ ಮುಗಿದ ಮೇಲೆ ಒಂದು ಸಲ ತೆಗೆದುಕೊಳ್ಳಿ. ಹತ್ತು ಬಾಟಲಿಗೆ ಒಂದರಂತೆ ಜೋಡಿ ಸ್ಯಾಂಪಲ್ ಬೇರೆ ಸಂಖ್ಯೆಯಲ್ಲಿ ಕಳುಹಿಸಿ. ಲ್ಯಾಬಿನವರಿಗೆ ಅದು ಜೋಡಿಯೆಂದು ಗೊತ್ತಾಗಬಾರದು.

ಲ್ಯಾಬಿನಲ್ಲಿ ಎಲೆಕ್ಟ್ರೋಡ್ ವಿಧಾನವೇ ಒಳ್ಳೆಯದು. ಸ್ಪಾಡ್ನ್ಸ್ ಬಣ್ಣದ ವಿಧಾನ ಅಗ್ಗವಾದರೂ ಅದರ ವ್ಯಾಪ್ತಿ 1.4 ಮಿ.ಗ್ರಾಂ/ಲೀಟರ್‌ವರೆಗೆ ಮಾತ್ರ. ನಮ್ಮ ಕಡೆಯ ನೀರನ್ನು ತೆಳುಮಾಡಬೇಕಾಗುತ್ತದೆ, ಕ್ಷಾರೀಯತೆ, ಕ್ಲೋರಿನ್, ಅಲ್ಯುಮಿನಿಯಂ ಎಲ್ಲವೂ ಅಡ್ಡ ಬರುತ್ತವೆ. ಹಳ್ಳಿಯಲ್ಲೇ ಬಳಸುವ ಫೀಲ್ಡ್ ಕಿಟ್ ಜಾಗ ಗುರುತಿಸಲು ಸಾಕು, ಸಂಶೋಧನೆಯ ಅಂಕಿಗೆ ಸಾಲದು.

ಮೂಲ ದ್ರಾವಣ: ಒಣಗಿಸಿದ ಸೋಡಿಯಂ ಫ್ಲೋರೈಡ್ 221 ಮಿ.ಗ್ರಾಂ ಅನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ 1 ಲೀಟರ್ ಮಾಡಿದರೆ 100 ಮಿ.ಗ್ರಾಂ/ಲೀಟರ್ ಫ್ಲೋರೈಡ್. ಅದರಲ್ಲಿ 10 ಮಿ.ಲೀ. ತೆಗೆದು 100 ಮಿ.ಲೀ.ಗೆ ಏರಿಸಿದರೆ 10, ಅದನ್ನು ಮತ್ತೆ ಹಾಗೆಯೇ ಮಾಡಿದರೆ 1, ಇನ್ನೊಮ್ಮೆ ಮಾಡಿದರೆ 0.1. ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲೇ ಇಡಿ. ಸೋಡಿಯಂ ಫ್ಲೋರೈಡ್ ವಿಷ. ಕೈಗವಸು ಹಾಕಿ, ಬಾಯಿಂದ ಪಿಪೆಟ್ ಎಳೆಯಬೇಡಿ.

ಟಿಸ್ಯಾಬ್ ಬಫರನ್ನು (ಎಲ್ಲ ಸ್ಯಾಂಪಲ್ಲಿನ ಪಿಎಚ್ ಮತ್ತು ಅಯಾನು ಬಲವನ್ನು ಒಂದೇ ಮಟ್ಟಕ್ಕೆ ತರುವ ದ್ರಾವಣ) ಲ್ಯಾಬಿನಲ್ಲೇ ಮಾಡಬಹುದು. ಸುಮಾರು 500 ಮಿ.ಲೀ. ನೀರಿಗೆ 57 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆಮ್ಲ, 58 ಗ್ರಾಂ ಸೋಡಿಯಂ ಕ್ಲೋರೈಡ್, 4 ಗ್ರಾಂ ಸಿಡಿಟಿಎ (ಲೋಹಗಳನ್ನು ಹಿಡಿದಿಡುವ ರಾಸಾಯನಿಕ) ಹಾಕಿ ಕಲಕಿ. ಬೀಕರನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟು 6 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡನ್ನು ನಿಧಾನವಾಗಿ ಬಿಡುತ್ತಾ ಪಿಎಚ್ 5.3ರಿಂದ 5.5ಕ್ಕೆ ತನ್ನಿ, ಸುಮಾರು 125 ಮಿ.ಲೀ. ಹಿಡಿಯುತ್ತದೆ. ಆರಿದ ಮೇಲೆ 1 ಲೀಟರ್ ಮಾಡಿ. ಇದನ್ನು ಬಿಟ್ಟರೆ ಅಳತೆ ಸುಳ್ಳಾಗುತ್ತದೆ: ಪಿಎಚ್ ಏರಿದ್ದರೆ ಹೈಡ್ರಾಕ್ಸೈಡನ್ನೇ ಎಲೆಕ್ಟ್ರೋಡ್ ಫ್ಲೋರೈಡೆಂದು ಓದುತ್ತದೆ, ಕಬ್ಬಿಣ ಮತ್ತು ಅಲ್ಯುಮಿನಿಯಂಗೆ ಅಂಟಿದ ಫ್ಲೋರೈಡನ್ನು ಓದುವುದೇ ಇಲ್ಲ.

ಸ್ಯಾಂಪಲ್ 10 ಮಿ.ಲೀ., ಬಫರ್ 10 ಮಿ.ಲೀ. ಪ್ಲಾಸ್ಟಿಕ್ ಬೀಕರಿನಲ್ಲಿ ಬೆರೆಸಿ, ಒಂದೇ ವೇಗದಲ್ಲಿ ಕಲಕುತ್ತಾ ಅಂಕಿ ನಿಲ್ಲುವವರೆಗೆ ಎರಡು ಮೂರು ನಿಮಿಷ ಕಾಯಿರಿ. ಸ್ಟ್ಯಾಂಡರ್ಡ್‌ಗಳಿಗೂ ಇದೇ ಸಮಪಾಲು. ಕಡಿಮೆಯಿಂದ ಹೆಚ್ಚಿಗೆ ಹೋಗಿ. ಫ್ಲೋರೈಡ್ ಹತ್ತು ಪಟ್ಟು ಏರಿದಾಗ ಓದು 54ರಿಂದ 60 ಮಿಲಿವೋಲ್ಟ್ ಇಳಿಯಬೇಕು. ಅಷ್ಟು ಬಾರದಿದ್ದರೆ ಎಲೆಕ್ಟ್ರೋಡ್ ಹಳತಾಗಿದೆ, ಹರಳಿಗೆ ಕೊಳೆ ಕೂತಿದೆ ಅಥವಾ ಬಫರ್ ಕೆಟ್ಟಿದೆ. ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ಹಾಗೇ ಅಳೆಯಬೇಡಿ; ಸ್ಯಾಂಪಲ್ಲೂ ಸ್ಟ್ಯಾಂಡರ್ಡೂ ಒಂದೇ ಉಷ್ಣತೆಯಲ್ಲಿರಬೇಕು. ಪ್ರತಿ ಹತ್ತು ಸ್ಯಾಂಪಲ್ಲಿಗೆ ಒಮ್ಮೆ 1 ಮಿ.ಗ್ರಾಂ ಸ್ಟ್ಯಾಂಡರ್ಡ್ ಮತ್ತೆ ಓದಿಸಿ. ಶೇ 10ಕ್ಕಿಂತ ಹೆಚ್ಚು ತಪ್ಪಿದರೆ ಆ ಹತ್ತನ್ನೂ ಮತ್ತೆ ಅಳೆಯಿರಿ.

ಹೋಲಿಕೆಗೆ: ಭಾರತೀಯ ಮಾನಕ 10500ರ 2012ರ ಆವೃತ್ತಿಯಲ್ಲಿ ಒಪ್ಪಬಹುದಾದ ಮಿತಿ 1.0 ಮಿ.ಗ್ರಾಂ/ಲೀಟರ್, ಬೇರೆ ಮೂಲ ಇಲ್ಲದಾಗ ಗರಿಷ್ಠ 1.5. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5.

ಹಲ್ಲು ನೋಡುವುದು

ತಪಾಸಣೆ ಮಾಡುವವರಿಗೆ ಮೊದಲು ತರಬೇತಿ. ಅನುಭವಿ ಸಮುದಾಯ ದಂತವೈದ್ಯರೊಬ್ಬರ ಜೊತೆ ಎಲ್ಲ ಮಟ್ಟದ ಫ್ಲೋರೋಸಿಸ್ ಇರುವ 20–25 ಮಕ್ಕಳನ್ನು ಬೇರೆಬೇರೆಯಾಗಿ ನೋಡಿ ಅಂಕ ಕೊಟ್ಟು, ಕಪ್ಪಾ ಮೌಲ್ಯ (ಇಬ್ಬರು ಕೊಟ್ಟ ಅಂಕಗಳು ಎಷ್ಟು ಹೊಂದುತ್ತವೆ ಎಂಬ ಅಳತೆ) ಲೆಕ್ಕ ಹಾಕಿ. 0.8 ದಾಟುವವರೆಗೆ ಕ್ಷೇತ್ರಕ್ಕೆ ಇಳಿಯಬೇಡಿ. ಕ್ಷೇತ್ರದಲ್ಲೂ ಹತ್ತು ಮಕ್ಕಳಿಗೆ ಒಬ್ಬರನ್ನು ಎರಡನೇ ಸಲ ನೋಡಬೇಕು.

ಒಂದೊಂದೇ ಮಗುವನ್ನು, ಮಿಕ್ಕವರಿಗೆ ಕಾಣದ ಕೋಣೆಯಲ್ಲಿ ಕರೆಯಿರಿ. ಕರೆಹಲ್ಲಿನ ಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಇಡುತ್ತಾರೆ. ತರಗತಿಯ ಎದುರು ಅಂಕವನ್ನು ಗಟ್ಟಿಯಾಗಿ ಕೂಗುವುದು ಅವರಿಗೆ ಮಾಡುವ ಗಾಯ. ಬರೆದುಕೊಳ್ಳುವವರಿಗೆ ಸಂಖ್ಯೆಯಷ್ಟನ್ನೇ ಮೆಲ್ಲಗೆ ಹೇಳಿ. ಮಗು ಕಿಟಕಿಗೆ ಮುಖ ಮಾಡಿ ಕೂರಲಿ, ನೇರ ಬಿಸಿಲು ಬೇಡ. ಹಲ್ಲಿನ ಮೇಲಿನ ಕೊಳೆಯನ್ನು ಗಾಜ್ ಬಟ್ಟೆಯಿಂದ ಒರೆಸಿ. ಡೀನ್ ಸೂಚ್ಯಂಕಕ್ಕೆ ಹಲ್ಲನ್ನು ಒಣಗಿಸುವ ಅಗತ್ಯವಿಲ್ಲ. ಒಣಗಿಸಿದರೆ ಬಿಳಿ ಮಚ್ಚೆ ಎದ್ದು ಕಂಡು ಅಂಕ ಏರುತ್ತದೆ, ಆದ್ದರಿಂದ ಎಲ್ಲ ಮಕ್ಕಳಿಗೂ ಒಂದೇ ಪದ್ಧತಿ. ಬಾಯಿ ಕನ್ನಡಿ ಮಗುವಿಗೊಂದು. ದಿನಕ್ಕೆ ಎರಡು ಶಾಲೆಯಾದರೆ 30, ಜೊತೆಗೆ ಐದಾರು ಹೆಚ್ಚುವರಿ, ಎಲ್ಲವೂ ಹಿಂದಿನ ರಾತ್ರಿ ಆಟೋಕ್ಲೇವ್ ಆದವು. ಕೈಗವಸೂ ಮಗುವಿಗೊಂದು ಜೊತೆ.

ಟ್ರೆಂಡ್ಲಿ ಡೀನ್ 1942ರಲ್ಲಿ ಪರಿಷ್ಕರಿಸಿದ ಅಂಕಗಳು ಹೀಗಿವೆ. ಸಹಜ ಹಲ್ಲಿಗೆ 0. ಅನುಮಾನಾಸ್ಪದ, ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆಗೆ 0.5. ಕಾಗದದಂಥ ಬಿಳುಪು ಹಲ್ಲಿನ ಕಾಲು ಭಾಗದೊಳಗಿದ್ದರೆ 1 (ಅತಿ ಸೌಮ್ಯ), ಅರ್ಧದೊಳಗಿದ್ದರೆ 2 (ಸೌಮ್ಯ). ಹಲ್ಲಿನ ಎಲ್ಲ ಮೇಲ್ಮೈಗೂ ಹರಡಿ ಸವೆತ ಕಂಡರೆ 3 (ಮಧ್ಯಮ), ಹೆಚ್ಚಾಗಿ ಕಂದು ಕರೆಯೂ ಇರುತ್ತದೆ. ಗುಳಿ ಬಿದ್ದು ಹಲ್ಲಿನ ಆಕಾರವೇ ಕೆಟ್ಟಿದ್ದರೆ 4 (ತೀವ್ರ). ಅತಿ ಹೆಚ್ಚು ಬಾಧಿತವಾದ ಎರಡು ಹಲ್ಲು ನೋಡಿ. ಎರಡೂ ಸಮವಿಲ್ಲದಿದ್ದರೆ ಕಡಿಮೆ ಇರುವ ಹಲ್ಲಿನ ಅಂಕವನ್ನೇ ಬರೆಯಿರಿ. ಇದನ್ನು ಮರೆತು ಹೆಚ್ಚಿನದನ್ನು ಬರೆಯುವುದು ಬಹಳ ಸಾಮಾನ್ಯ.

ಫ್ಲೋರೋಸಿಸ್ ಎಡ–ಬಲ ಜೋಡಿ ಹಲ್ಲುಗಳಲ್ಲಿ ಒಂದೇ ರೀತಿ ಇರುತ್ತದೆ, ಅಡ್ಡಗೆರೆಗಳಾಗಿ ಕಾಣುತ್ತದೆ, ಅಂಚು ಸ್ಪಷ್ಟವಿರುವುದಿಲ್ಲ. ಒಂದೇ ಹಲ್ಲಿನಲ್ಲಿ ದುಂಡಗಿನ ಸ್ಪಷ್ಟ ಮಚ್ಚೆ ಇದ್ದರೆ ಹಾಲುಹಲ್ಲಿಗೆ ಬಿದ್ದ ಪೆಟ್ಟೋ ಕೀವೋ ಕಾರಣವಿರಬಹುದು. ಎಲೆಅಡಿಕೆ, ಗುಟ್ಕಾ ಕಲೆ ಒಸಡಿನ ಪಕ್ಕ ಮತ್ತು ಹಲ್ಲಿನ ಸಂದಿಯಲ್ಲಿ ಸೇರಿಕೊಳ್ಳುತ್ತದೆ, ಕೆರೆದರೆ ಬರುತ್ತದೆ. ಕಂದು ಕಂಡಾಕ್ಷಣ 3 ಬರೆಯಬೇಡಿ.

ಲೆಕ್ಕ

ಮೊಬೈಲಿನಲ್ಲಿ ಮಾಹಿತಿ ತುಂಬಲು ಕೋಬೋ, ಓಡಿಕೆ ಎಂಬ ಎರಡು ತಂತ್ರಾಂಶಗಳೂ ಉಚಿತ, ನೆಟ್‌ವರ್ಕ್ ಇಲ್ಲದ ಊರಿನಲ್ಲೂ ನಡೆಯುತ್ತವೆ. ‘ಗೊತ್ತಿಲ್ಲ’ ಎಂಬುದಕ್ಕೂ ‘ಕೇಳಲಿಲ್ಲ’ ಎಂಬುದಕ್ಕೂ ಬೇರೆ ಸಂಕೇತ ಇರಲಿ. ಹೆಸರು ಇರುವ ಹಾಳೆ ಬೇರೆ, ಅಂಕಿಗಳ ಕಡತ ಬೇರೆ. ಎರಡನ್ನೂ ಜೋಡಿಸುವ ಸಂಖ್ಯೆ ಮುಖ್ಯ ಸಂಶೋಧಕರ ಬಳಿ ಮಾತ್ರ.

ಸಮುದಾಯ ಫ್ಲೋರೋಸಿಸ್ ಸೂಚ್ಯಂಕ ತೆಗೆಯಲು ಪ್ರತಿ ಅಂಕವನ್ನು ಅಷ್ಟು ಮಕ್ಕಳಿಂದ ಗುಣಿಸಿ ಕೂಡಿ, ಒಟ್ಟು ಮಕ್ಕಳಿಂದ ಭಾಗಿಸಿ. 100 ಮಕ್ಕಳಲ್ಲಿ 30 ಸಹಜ, 15 ಅನುಮಾನ, 20 ಅತಿ ಸೌಮ್ಯ, 18 ಸೌಮ್ಯ, 12 ಮಧ್ಯಮ, 5 ತೀವ್ರ ಎಂದಾದರೆ 0 + 7.5 + 20 + 36 + 36 + 20 = 119.5, ಸೂಚ್ಯಂಕ ಸುಮಾರು 1.2. 0.6 ದಾಟಿದರೆ ಸಾರ್ವಜನಿಕ ಆರೋಗ್ಯದ ಸಮಸ್ಯೆ.

ಸಂಬಂಧದ ವಿಶ್ಲೇಷಣೆಯಲ್ಲಿ ಎಳೆವಯಸ್ಸಿನ ನೀರಿನ ಫ್ಲೋರೈಡನ್ನು 1.0ರೊಳಗೆ, 1.0–1.5, 1.5–3.0, 3.0 ಮೀರಿದ್ದು ಎಂದು ವಿಂಗಡಿಸಿ. ಶಾಲೆ ಅಥವಾ ಊರಿನ ಗುಂಪುಗಾರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನವೇ ಬೇಕು. ಉಚಿತವಾದ ‘ಆರ್’ ತಂತ್ರಾಂಶದಲ್ಲಿ ಇದು ಸುಲಭ. ಬರೀ ಕೈ-ವರ್ಗ (ಚಿ-ಸ್ಕ್ವೇರ್) ಪರೀಕ್ಷೆ ಹಾಕಿದರೆ ಇಲ್ಲದ ಖಚಿತತೆ ಕಾಣಿಸುತ್ತದೆ. ಇದೇ ವಿಶ್ಲೇಷಣೆಯನ್ನು ಊರು ಬಿಟ್ಟು ಇರದ ಮಕ್ಕಳಲ್ಲಿ ಮಾತ್ರ, ಹಳೇ ವರದಿ ಇರುವ ಊರುಗಳಲ್ಲಿ ಮಾತ್ರ ಮತ್ತೆ ಮಾಡಿ ನೋಡಿ. ನಂಬಿಕೆಯ ಮಾಹಿತಿಗೆ ಸೀಮಿತಗೊಳಿಸಿದಾಗ ಸಂಬಂಧ ಗಟ್ಟಿಯಾದರೆ ನಿಮ್ಮ ಇತಿಹಾಸದ ಕೆಲಸ ಫಲ ಕೊಟ್ಟಿದೆ ಎಂದರ್ಥ.

ವರದಿ ಎಲ್ಲಿಗೆ ಹೋಗಬೇಕು

ಮೊದಲು ಊರಿಗೆ, ಆಮೇಲೆ ನಿಯತಕಾಲಿಕಕ್ಕೆ. ಬಡ ದೇಶಗಳ ಹಳ್ಳಿಗಳಿಂದ ರಕ್ತ, ನೀರು, ಅಂಕಿ ಒಯ್ದು ಮತ್ತೆ ಮುಖ ತೋರಿಸದ ಸಂಶೋಧನೆ ಬೇಕಾದಷ್ಟು ಆಗಿದೆ. ಪ್ರತಿ ಪಂಚಾಯಿತಿಗೆ ಒಂದು ಪುಟ ಕೊಡಿ: ಯಾವ ಬೋರು, ಯಾವ ಟ್ಯಾಂಕು, ಫ್ಲೋರೈಡ್ ಎಷ್ಟು, ಕುಡಿಯಲು–ಅಡುಗೆಗೆ ಆಗುತ್ತದೋ ಇಲ್ಲವೋ. ಮಕ್ಕಳ ಹೆಸರು, ಓಣಿ, ಜಾತಿಯ ಪ್ರಕಾರ ಅಂಕಿ ಅದರಲ್ಲಿ ಇರಬಾರದು. 1.5 ಮೀರಿದ ಮೂಲ ಸಿಕ್ಕರೆ ಅಧ್ಯಯನ ಮುಗಿಯುವವರೆಗೆ ಕಾಯದೆ ಅದೇ ವಾರ ಪಿಡಿಒ ಮತ್ತು ತಾಲ್ಲೂಕು ಆರೋಗ್ಯಾಧಿಕಾರಿಗೆ ಲಿಖಿತವಾಗಿ ತಿಳಿಸಿ.

ತಾಯಂದಿರಿಗೆ ಹೇಳಬೇಕಾದ್ದು ಇಷ್ಟು: ದೊಡ್ಡ ಮಗುವಿನ ಕರೆ ತಿಕ್ಕಿದರೆ ಹೋಗದು, ಅದು ಹಲ್ಲುಜ್ಜದ ಸೋಮಾರಿತನವೂ ಅಲ್ಲ. ಬೇಕಿದ್ದರೆ ದಾವಣಗೆರೆಯ ದಂತ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಚಿಕಿತ್ಸೆಯಿದೆ. ಮನೆಯಲ್ಲಿ ಎಂಟು ವರ್ಷದೊಳಗಿನ ಕೂಸಿದ್ದರೆ ಅದರ ಕುಡಿಯುವ ನೀರು, ಸರಿ, ಮುದ್ದೆ, ಅನ್ನ ಎಲ್ಲಕ್ಕೂ ಫ್ಲೋರೈಡ್ ಕಡಿಮೆಯಿರುವ ನೀರನ್ನೇ ಮೊದಲು ಮೀಸಲಿಡಿ. ಕೈಕಾಲು ಬಿಗಿತ, ಸೊಂಟ ಬಗ್ಗದ ಹಿರಿಯರು ಸಿಕ್ಕರೆ ಶಾಲೆಯ ಅಂಗಳದಲ್ಲೇ ರೋಗನಿರ್ಣಯ ಮಾಡದೆ ಜಿಲ್ಲಾ ಆಸ್ಪತ್ರೆಗೆ ಚೀಟಿ ಕೊಡಿ.

ಲೇಖನ ಬರೆಯುವಾಗ ಸ್ಟ್ರೋಬ್ ಪಟ್ಟಿ (ಇಂಥ ಅಧ್ಯಯನದ ವರದಿಯಲ್ಲಿ ಏನೇನು ಇರಬೇಕೆಂದು ಹೇಳುವ ಪಟ್ಟಿ) ಎದುರಿಗಿಟ್ಟುಕೊಳ್ಳಿ. ವಾರದೊಳಗೆ ಪ್ರಕಟಿಸುತ್ತೇವೆ, ಹಣ ಕಳುಹಿಸಿ ಎಂದು ಇಮೇಲ್ ಮಾಡುವ ಪತ್ರಿಕೆಗಳಿಂದ ದೂರ ಇರಿ. ಹಿಂದಿನ ಪ್ರಬಂಧಗಳಿಗೆ ಶೋಧಗಂಗಾ (ಭಾರತದ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರ) ನೋಡಿ. ಊರಿನಲ್ಲಿ ಕೆಲಸ ಮಾಡಿದ ಸ್ಥಳೀಯ ತಂಡದವರು ಲೇಖಕರ ಸಾಲಿನಲ್ಲಿ ಇರಬೇಕಾದವರು, ಕೃತಜ್ಞತೆಯ ಕೊನೆಯ ಸಾಲಿನಲ್ಲಲ್ಲ. ಉಳಿದ ನೀರಿನ ಅಂಕಿಗಳನ್ನು, ಬೋರು ಕೊರೆಸಿದ ವರ್ಷಗಳ ಪಟ್ಟಿಯೊಂದಿಗೆ, ಇಲಾಖೆಯ ಲ್ಯಾಬಿಗೂ ಒಂದು ಪ್ರತಿ ಒಪ್ಪಿಸಿ. ಈಗ ಎರಡು ವರ್ಷವಿರುವ ಮಕ್ಕಳ ಹಲ್ಲನ್ನು ಹತ್ತು ವರ್ಷದ ನಂತರ ನೋಡುವವರಿಗೆ ಅದೇ ಹಳೇ ವರದಿಯಾಗಿ ಬೇಕಾಗುತ್ತದೆ.